ಮೂವತ್ತೆಂಟರಲ್ಲಿ ಹಿಡಿದ ಕಸುಬು: ಮೇಡಂ ಸಿ.ಜೆ. ವಾಕರ್

ಈ ಸಲದ ವ್ಯಕ್ತಿ ಪರಿಚಯಕ್ಕೆ ಯಾರ ಹೆಸರು ತಗೊಳ್ಳೋದು ಅಂತ ನಾವು ಬಳಗದವರು ಕೂತಾಗ, ಎಂದಿನಂತೆ ಸೇತುವೆ ಕಟ್ಟಿದವರು, ಎಂಜಿನ್ ಮಾಡಿದವರು, ಕಂಪ್ಯೂಟರಿಗೆ ತಲೆ ಕೊಟ್ಟವರೇ ಸಾಲಾಗಿ ಬಂದರು. ಕೊನೆಗೆ ನಾವು ಆರಿಸಿದ್ದು ತಲೆಗೆ ಹಚ್ಚುವ ಮುಲಾಮು ಮಾರಿದ ಒಬ್ಬ ಹೆಂಗಸನ್ನು. ಕೆಲವರು ಮೂಗು ಮುರಿದರು. ಬ್ಯೂಟಿ ಪಾರ್ಲರ್ ಕಥೆ ನಮ್ಮ ಪತ್ರಿಕೆಗ್ಯಾಕೆ ಅನ್ನೋದು ಅವರ ಪ್ರಶ್ನೆ. ಪೂರ್ತಿ ಓದಿ ನೋಡಿ. ಇದರಲ್ಲಿ ರಸಾಯನಶಾಸ್ತ್ರ ಇದೆ, ಕಾರ್ಖಾನೆ ಇದೆ, ರೈಲ್ವೆ ಮ್ಯಾಪ್ ಇದೆ, ಅಂಚೆಯಲ್ಲಿ ಪಾಠ ಕಲಿಸುವ ಕೋರ್ಸ್ ಕೂಡ ಇದೆ. ಎಲ್ಲಕ್ಕಿಂತ ಹೆಚ್ಚಾಗಿ, ಇಪ್ಪತ್ತೆರಡಕ್ಕೆ ಪ್ಲೇಸ್‌ಮೆಂಟ್ ಆಗದಿದ್ರೆ ಬದುಕೇ ಮುಗೀತು ಅಂದ್ಕೊಳ್ಳೋ ನಮ್ಮಂಥವರ ಮುಂದೆ, ಮೂವತ್ತೆಂಟನೇ ವಯಸ್ಸಿನಲ್ಲಿ ಹೊಸ ಕಸುಬು ಶುರು ಮಾಡಿದ ಒಬ್ಬಾಕೆ ಇದ್ದಾಳೆ.

ಆಕೆಯ ಹುಟ್ಟು ಹೆಸರು ಸಾರಾ ಬ್ರೀಡ್‌ಲವ್. 1867ರ ಡಿಸೆಂಬರ್ 23ರಂದು ಅಮೆರಿಕದ ಲೂಸಿಯಾನಾ ರಾಜ್ಯದ ಡೆಲ್ಟಾ ಎಂಬ ಊರಿನಲ್ಲಿ, ಮಿಸಿಸಿಪ್ಪಿ ನದಿಯ ಪಕ್ಕದ ಒಂದು ಹತ್ತಿ ತೋಟದಲ್ಲಿ ಹುಟ್ಟಿದಳು. ಅಪ್ಪ ಓವೆನ್, ಅಮ್ಮ ಮಿನರ್ವಾ ಅದೇ ತೋಟದಲ್ಲಿ ಗುಲಾಮರಾಗಿದ್ದವರು. ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋಗಿ ಎರಡು ವರ್ಷವಾಗಿತ್ತಷ್ಟೆ. ಮನೆಯಲ್ಲಿ ಸ್ವತಂತ್ರಳಾಗಿ ಹುಟ್ಟಿದ ಮೊದಲ ಮಗು ಇವಳೇ. ಆದರೆ ಆ ಸ್ವಾತಂತ್ರ್ಯ ಕಾಗದದ ಮೇಲಿತ್ತು. ತೋಟ ಅದೇ, ಹತ್ತಿ ಅದೇ, ಬಿಡಿಸುವ ಕೈಗಳೂ ಅವೇ.

ಏಳನೇ ವಯಸ್ಸಿಗೆ ಅಪ್ಪ ಅಮ್ಮ ಇಬ್ಬರೂ ಇರಲಿಲ್ಲ. ಅಕ್ಕ ಲುವೇನಿಯಾಳ ಜೊತೆ ನದಿಯಾಚೆಯ ವಿಕ್ಸ್‌ಬರ್ಗ್ ಪಟ್ಟಣಕ್ಕೆ ಹೋಗಿ ಮನೆಗೆಲಸಕ್ಕೆ ನಿಂತಳು. ಶಾಲೆಗೆ ಹೋದದ್ದು ಒಟ್ಟು ಸೇರಿಸಿದರೂ ಮೂರು ತಿಂಗಳು. ಭಾವ ಕ್ರೂರಿ. ಆ ಮನೆಯಿಂದ ಪಾರಾಗಲು ಅವಳಿಗೆ ಕಂಡ ದಾರಿ ಮದುವೆಯೊಂದೇ. ಹದಿನಾಲ್ಕನೇ ವಯಸ್ಸಿಗೆ ಮೋಸೆಸ್ ಮ್ಯಾಕ್‌ವಿಲಿಯಮ್ಸ್ ಎಂಬಾತನನ್ನು ಮದುವೆಯಾದಳು. ಹದಿನೇಳಕ್ಕೆ ಲೀಲಿಯಾ ಎಂಬ ಮಗಳು ಹುಟ್ಟಿದಳು. ಇಪ್ಪತ್ತಕ್ಕೆ ಗಂಡ ಸತ್ತ. ಎರಡು ವರ್ಷದ ಕೂಸನ್ನು ಎತ್ತಿಕೊಂಡು ಸಾರಾ ಮಿಸ್ಸೂರಿ ರಾಜ್ಯದ ಸೇಂಟ್ ಲೂಯಿ ನಗರಕ್ಕೆ ಹೊರಟಳು. ಅಲ್ಲಿ ಅವಳ ಅಣ್ಣಂದಿರಿದ್ದರು.

ಆ ಅಣ್ಣಂದಿರ ಕಸುಬು ಕ್ಷೌರ. ಕಪ್ಪು ಜನಾಂಗದ ಗಂಡಸರು ಸ್ವಂತ ಅಂಗಡಿ ಇಟ್ಟು, ನಾಲ್ಕು ಜನರ ಮುಂದೆ ಇಸ್ತ್ರಿ ಅಂಗಿ ಹಾಕಿ ನಿಲ್ಲಬಹುದಾಗಿದ್ದ ಕೆಲವೇ ಕಸುಬುಗಳಲ್ಲಿ ಆ ಕಾಲಕ್ಕೆ ಕ್ಷೌರವೂ ಒಂದು. ಅಂದ್ರೆ ಕೂದಲಿನ ಉದ್ಯಮ ಸಾರಾಳ ಮನೆಯೊಳಗೇ ಇತ್ತು. ಆದರೆ ಅದು ಅಣ್ಣಂದಿರಿಗೆ. ಹೆಂಗಸಾದ ಅವಳಿಗೆ ಸಿಕ್ಕಿದ್ದು ಬಟ್ಟೆ ಒಗೆಯುವ ಕೆಲಸ. ಅಣ್ಣಂದಿರ ಕತ್ತರಿಯಿಂದ ತನ್ನ ಬಾಚಣಿಗೆಗೆ ಬರಲು ಅವಳಿಗೆ ಇನ್ನೂ ಹದಿನೈದು ವರ್ಷ ಬೇಕಾಯಿತು.

ಬಟ್ಟೆ ಒಗೆಯೋದು ಅಂದ್ರೆ ಆಗ ಏನು ಅಂತ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಮುಂದಿನ ಕಥೆಯೆಲ್ಲ ಇಲ್ಲಿಂದಲೇ ಹುಟ್ಟೋದು. ಬಿಳಿಯರ ಮನೆಯಿಂದ ಮೈಲಿಗೆ ಬಟ್ಟೆಯ ಗಂಟು ತರಬೇಕು. ನೀರು ಹೊತ್ತು ತಂದು ದೊಡ್ಡ ಹಂಡೆಯಲ್ಲಿ ಕಾಯಿಸಬೇಕು. ಕೈ ಸುಡುವಂಥ ಕ್ಷಾರದ ಸೋಪು ಹಾಕಿ, ಮರದ ತೊಟ್ಟಿಯ ಮುಂದೆ ಬಗ್ಗಿ ನಿಂತು, ಗೀರುಹಲಗೆಗೆ ತಿಕ್ಕಿ ತಿಕ್ಕಿ ಕೊಳೆ ತೆಗೆಯಬೇಕು. ಹಿಂಡಿ, ಗಂಜಿ ಹಾಕಿ, ಒಣಗಿಸಿ, ಒಲೆಯ ಮೇಲೆ ಕಾಯಿಸಿದ ಕಬ್ಬಿಣದ ಇಸ್ತ್ರಿಯಿಂದ ಮಡಿಕೆ ತೀಡಬೇಕು. ಇಷ್ಟಕ್ಕೆ ದಿನಕ್ಕೆ ಹೆಚ್ಚೆಂದರೆ ಒಂದೂವರೆ ಡಾಲರ್. ಅದರಲ್ಲೇ ಉಳಿಸಿ ಮಗಳನ್ನು ಓದಿಸಿದಳು, ಮುಂದೆ ಟೆನೆಸಿಯ ನಾಕ್ಸ್‌ವಿಲ್ ಕಾಲೇಜಿಗೂ ಕಳಿಸಿದಳು. ನಡುವೆ 1894ರಲ್ಲಿ ಜಾನ್ ಡೇವಿಸ್ ಎಂಬಾತನ ಜೊತೆ ಎರಡನೇ ಮದುವೆಯಾಯಿತು, ಅದು ನೆಟ್ಟಗಾಗಲಿಲ್ಲ. ಅವನ ಬಗ್ಗೆ ಹೆಚ್ಚು ಬರೆಯುವ ಅಗತ್ಯ ನಮಗೆ ಕಾಣಲಿಲ್ಲ.

ಈ ವರ್ಷಗಳಲ್ಲೇ ಸಾರಾಳ ಕೂದಲು ಉದುರಲು ಶುರುವಾಯಿತು. ನೆತ್ತಿಯಲ್ಲಿ ಅಲ್ಲಲ್ಲಿ ಬೋಳು. ಇದು ಅವಳೊಬ್ಬಳ ಪಾಡಲ್ಲ, ಆ ಕೇರಿಯ ಎಷ್ಟೋ ಹೆಂಗಸರ ಪಾಡು. ಕಾರಣ ಹುಡುಕೋದು ಕಷ್ಟವೇನಲ್ಲ. ಮನೆಯಲ್ಲಿ ನಲ್ಲಿ ಇಲ್ಲ, ಸ್ನಾನದ ಕೋಣೆ ಇಲ್ಲ. ಕೊರೆಯುವ ಚಳಿಗಾಲದಲ್ಲಿ ತಲೆಗೆ ನೀರು ಹಾಕೋದು ತಿಂಗಳಿಗೊಮ್ಮೆ ಆದ್ರೆ ದೊಡ್ಡದು. ಹಾಕಿದಾಗಲೂ ಬಟ್ಟೆಗೆ ಬಳಸುವಂಥದೇ ಒರಟು ಸೋಪು. ಹೊಟ್ಟು ಪದರಗಟ್ಟಿ, ತುರಿಸಿ, ಸೋಂಕಾಗಿ ಕೂದಲಿನ ಬುಡವೇ ಸೊರಗುತ್ತಿತ್ತು. ಅದರ ಮೇಲೆ ಸರಿಯಾದ ಊಟವಿಲ್ಲ, ಮುಗಿಯದ ಚಿಂತೆ. ದಿನವಿಡೀ ನೀರಿನಲ್ಲೇ ಕೈಯಿಟ್ಟು ಊರಿನ ಬಟ್ಟೆಯೆಲ್ಲ ಬೆಳ್ಳಗೆ ಮಾಡುವ ಹೆಂಗಸಿಗೆ ತನ್ನ ತಲೆ ತೊಳೆಯಲು ನೀರಿಲ್ಲ. ಭಾನುವಾರ ಸೇಂಟ್ ಪಾಲ್ ಚರ್ಚಿಗೆ ಹೋದರೆ ಅಲ್ಲಿ ಓದಿದ, ಒಪ್ಪವಾಗಿ ತಲೆ ಬಾಚಿಕೊಂಡ ಕಪ್ಪು ಹೆಂಗಸರೂ ಕಾಣುತ್ತಿದ್ದರು. ತಲೆಗೆ ಬಟ್ಟೆ ಕಟ್ಟಿಕೊಂಡ ಸಾರಾ ಅವರನ್ನು ನೋಡುತ್ತಿದ್ದಳು. ಹೊಟ್ಟೆಕಿಚ್ಚಿಗಿಂತ ಕಲಿಯುವ ಆಸೆಯೇ ಆ ನೋಟದಲ್ಲಿ ಹೆಚ್ಚಿತ್ತು ಅಂತ ಮುಂದೆ ಆಕೆ ಮಾಡಿದ್ದೆಲ್ಲ ನೋಡಿದರೆ ನಮಗನ್ಸುತ್ತೆ.

ಇಲ್ಲಿಗೆ ಇನ್ನೊಬ್ಬಾಕೆ ಬರುತ್ತಾಳೆ. ಈಕೆಯನ್ನು ಬಿಟ್ಟು ಕಥೆ ಹೇಳುವವರೇ ಹೆಚ್ಚು, ನಾವು ಬಿಡೋದಿಲ್ಲ. ಹೆಸರು ಆ್ಯನಿ ಟರ್ನ್‌ಬೋ, ಮುಂದೆ ಆ್ಯನಿ ಮಲೋನ್ ಅಂತ ಪ್ರಸಿದ್ಧಳಾದವಳು. 1869ರಲ್ಲಿ ಇಲಿನಾಯ್ ರಾಜ್ಯದಲ್ಲಿ ಹುಟ್ಟಿ, ಇವಳೂ ಚಿಕ್ಕಂದಿನಲ್ಲೇ ತಬ್ಬಲಿಯಾದವಳು. ಶಾಲೆಯಲ್ಲಿ ರಸಾಯನಶಾಸ್ತ್ರದ ರುಚಿ ಹತ್ತಿ, ಕೂದಲು ಬೆಳೆಸುವ ಒಂದು ಲೇಪ ತಯಾರಿಸಿದಳು. 1902ರಲ್ಲಿ ಸೇಂಟ್ ಲೂಯಿಗೆ ಬಂದು ಮನೆ ಮನೆ ಬಾಗಿಲು ತಟ್ಟಿ, ಪುಕ್ಕಟೆಯಾಗಿ ಹೆಂಗಸರ ತಲೆ ತೊಳೆದು, ಲೇಪ ಹಚ್ಚಿ ತೋರಿಸಿ ಗಿರಾಕಿಗಳನ್ನು ಹಿಡಿದಳು. 1904ರಲ್ಲಿ ಸೇಂಟ್ ಲೂಯಿಯಲ್ಲಿ ಜಾಗತಿಕ ವಸ್ತುಪ್ರದರ್ಶನ ನಡೆಯಿತು. ಊರಿಗೆ ಊರೇ ಜನರಿಂದ ತುಂಬಿತು, ಆ್ಯನಿಯ ವ್ಯಾಪಾರವೂ ಏರಿತು. ಆ ಹೊತ್ತಿಗೆ ಸಾರಾ ಅವಳ ಲೇಪ ಬಳಸಿ, ಆಮೇಲೆ ಅವಳ ಏಜೆಂಟಳೇ ಆದಳು. ಹಗಲು ಬಟ್ಟೆ ಒಗೆದು, ಉಳಿದ ಹೊತ್ತಲ್ಲಿ ಲೇಪ ಮಾರೋದು. ಕೂದಲಿನ ಉದ್ಯಮದಲ್ಲಿ ಆಕೆಯ ಮೊದಲ ಮೆಟ್ಟಿಲು ಇದೇ: ಇನ್ನೊಬ್ಬರ ಸರಕನ್ನು ಮಾರುವ ಏಜೆನ್ಸಿ.

1905ರ ಜುಲೈಯಲ್ಲಿ ಸಾರಾ ಕೊಲರಾಡೊದ ಡೆನ್ವರ್‌ಗೆ ಹೋದಳು. ಹೊಸ ಊರು, ಕೈಯಲ್ಲಿ ದುಡ್ಡಿಲ್ಲ. ಒಂದು ಮನೆಯಲ್ಲಿ ಅಡುಗೆಗೆ ಸೇರಿದಳು, ಬಟ್ಟೆಯನ್ನೂ ಒಗೆದಳು, ಮಿಕ್ಕ ಸಮಯದಲ್ಲಿ ಲೇಪ ಮಾರಿದಳು. ನಿಧಾನವಾಗಿ ಸ್ವಂತ ಲೇಪ ಮಾಡಲು ಹೊರಟಳು. ಅದರ ಸೂತ್ರ ಎಲ್ಲಿಂದ ಬಂತು ಅನ್ನೋದಕ್ಕೆ ಆಕೆ ಮುಂದೆ ಹೇಳುತ್ತಿದ್ದ ಕಥೆ ಒಂದು ಕನಸಿನದು. ಕನಸಿನಲ್ಲಿ ಒಬ್ಬ ಕಪ್ಪು ಮನುಷ್ಯ ಬಂದು ಏನೇನು ಬೆರೆಸಬೇಕು ಅಂತ ಹೇಳಿದನಂತೆ. ಕನಸು ಒಳ್ಳೇ ಜಾಹೀರಾತು, ಅದನ್ನು ನಾವು ಅಲ್ಲಗಳೆಯೋದಿಲ್ಲ. ಆದರೆ ಡಬ್ಬಿಯೊಳಗಿದ್ದ ಮುಖ್ಯ ಸಾಮಗ್ರಿ ಗಂಧಕ ಮತ್ತು ಪೆಟ್ರೋಲಿಯಂ ಜೆಲ್ಲಿ. ಚರ್ಮದ ಕಾಯಿಲೆಗೆ ಗಂಧಕ ಹಚ್ಚೋದು ಎಷ್ಟೋ ಶತಮಾನದ ಹಳೆಯ ಮದ್ದು. ಅದು ನೆತ್ತಿಯ ಸೋಂಕನ್ನು ತಗ್ಗಿಸುತ್ತೆ, ಗಟ್ಟಿಯಾದ ಹೊಟ್ಟಿನ ಪದರವನ್ನು ಬಿಡಿಸುತ್ತೆ. ಜೆಲ್ಲಿ ಒಣ ಚರ್ಮಕ್ಕೆ ತೇವ ಉಳಿಸುತ್ತೆ. ಆ್ಯನಿಯ ಲೇಪದಲ್ಲೂ ಗಂಧಕವಿತ್ತು, ಅವರಿಬ್ಬರಿಗಿಂತ ಮುಂಚಿನ ಮುಲಾಮುಗಳಲ್ಲೂ ಇತ್ತು.

ಹಾಗಾದ್ರೆ ಕದ್ದಳಾ? ಆ್ಯನಿಗೆ ಹಾಗೇ ಅನಿಸಿತು. ನಕಲಿಗಳ ಬಗ್ಗೆ ಎಚ್ಚರವಿರಲಿ ಅಂತ ಗಿರಾಕಿಗಳಿಗೆ ಸಾರಿದಳು, 1906ರಲ್ಲಿ ತನ್ನ ಸರಕಿಗೆ ಪೋರೋ ಎಂಬ ಹೆಸರನ್ನು ನೋಂದಾಯಿಸಿಕೊಂಡಳು. ಅವಳ ಸಿಟ್ಟು ನಮಗೆ ಅರ್ಥವಾಗುತ್ತೆ. ತಾನು ಕೈಹಿಡಿದು ಕಲಿಸಿದವಳು ಎದುರು ಅಂಗಡಿ ಹಾಕಿದರೆ ಯಾರಿಗೆ ತಾನೇ ಸಂಕಟವಾಗೋದಿಲ್ಲ. ಮನೆ ಬಾಗಿಲಿಗೆ ಹೋಗಿ ತೊಳೆದು ತೋರಿಸುವ ಕ್ರಮ, ಏಜೆಂಟರನ್ನು ತಯಾರು ಮಾಡುವ ಕ್ರಮ ಸಾರಾ ಕಲಿತದ್ದು ಆ್ಯನಿಯಿಂದಲೇ. ಇದನ್ನು ಸಾರಾ ಎಲ್ಲರೆದುರು ಒಪ್ಪಿ ಹೆಸರು ಹೇಳಿದ್ದರೆ ಆಕೆಯ ದೊಡ್ಡತನಕ್ಕೆ ಕುಂದೇನೂ ಬರುತ್ತಿರಲಿಲ್ಲ. ಆದರೆ ಗಂಧಕ ಯಾರಪ್ಪನ ಸ್ವತ್ತೂ ಅಲ್ಲ ಅನ್ನೋದೂ ಅಷ್ಟೇ ನಿಜ.

1906ರ ಜನವರಿಯಲ್ಲಿ ಡೆನ್ವರ್‌ನಲ್ಲೇ ಚಾರ್ಲ್ಸ್ ಜೋಸೆಫ್ ವಾಕರ್ ಜೊತೆ ಮೂರನೇ ಮದುವೆಯಾಯಿತು. ಆತ ಪತ್ರಿಕೆಗಳಿಗೆ ಜಾಹೀರಾತು ತರುವ ಕೆಲಸ ಮಾಡುತ್ತಿದ್ದವ. ಮದುವೆಯ ಜೊತೆಗೆ ಹೆಸರೂ ಬಂತು: ಮೇಡಂ ಸಿ.ಜೆ. ವಾಕರ್. ಈ ಮೇಡಂ ಅನ್ನೋದರ ತೂಕ ನಮಗೆ ಸುಮ್ಮನೆ ಓದಿದರೆ ಗೊತ್ತಾಗೋದಿಲ್ಲ. ಆ ಕಾಲದ ಅಮೆರಿಕದಲ್ಲಿ ಬಿಳಿಯರು ಕಪ್ಪು ಹೆಂಗಸನ್ನು, ಆಕೆಗೆ ಎಷ್ಟೇ ವಯಸ್ಸಾಗಿರಲಿ, ಬರೀ ಹೆಸರು ಹಿಡಿದು ಕರೆಯುತ್ತಿದ್ದರು. ಶ್ರೀಮತಿ ಅನ್ನುವ ಗೌರವ ಕೊಡುತ್ತಿರಲಿಲ್ಲ. ಡಬ್ಬಿಯ ಮೇಲೇ ಮೇಡಂ ಅಂತ ಅಚ್ಚಾದರೆ? ಸರಕು ಬೇಕಾದವರು ಹಾಗೇ ಕೇಳಬೇಕು, ಬೇರೆ ದಾರಿಯಿಲ್ಲ. ನಮ್ಮ ಕನ್ನಡದಲ್ಲಿ ಇದಕ್ಕೆ ಸರಿಯಾದ ಉಪಾಯ ಇದೆ. ಇಲ್ಲಿಯವರೆಗೆ ಸಾರಾ ಬಂದಳು, ಹೋದಳು ಅಂತ ಬರೆದೆವು. ಇಲ್ಲಿಂದ ಮುಂದೆ ಬಹುವಚನದಲ್ಲೇ ಬರೀತೀವಿ.

ಮೇಡಂ ವಾಕರ್ ಅವರ ಮುಖ್ಯ ಸರಕಿನ ಹೆಸರು ವಂಡರ್‌ಫುಲ್ ಹೇರ್ ಗ್ರೋವರ್. ಹೆಸರಿನಲ್ಲಿ ಸ್ವಲ್ಪ ಅತಿಶಯ ಇದೆ ಅಂತ ನಮ್ಮ ಅಭಿಪ್ರಾಯ. ಸತ್ತ ಬುಡದಿಂದ ಕೂದಲು ಹುಟ್ಟಿಸುವ ಶಕ್ತಿ ಗಂಧಕಕ್ಕಿಲ್ಲ. ಆದರೂ ಬಳಸಿದ ಹೆಂಗಸರ ತಲೆಯಲ್ಲಿ ಕೂದಲು ಬಂದದ್ದು ಸುಳ್ಳಲ್ಲ. ಯಾಕಂದ್ರೆ ಅವರು ಮಾರಿದ್ದು ಬರೀ ಡಬ್ಬಿಯನ್ನಲ್ಲ, ಒಂದು ಕ್ರಮವನ್ನು. ಮೊದಲು ಶಾಂಪೂ ಹಾಕಿ ನೆತ್ತಿಯನ್ನು ಚೆನ್ನಾಗಿ ತೊಳೆಯಬೇಕು, ಮತ್ತೆ ಮತ್ತೆ ತೊಳೆಯುತ್ತಿರಬೇಕು. ಆಮೇಲೆ ಮುಲಾಮು ಹಚ್ಚಿ ಬೆರಳ ತುದಿಯಿಂದ ತಿಕ್ಕಬೇಕು. ಕೊನೆಗೆ ತೆಳುವಾಗಿ ಎಣ್ಣೆ ಸವರಿ, ಕಾಯಿಸಿದ ಬಾಚಣಿಗೆಯಿಂದ ಬಾಚಬೇಕು. ತೊಳೆಯದೇ ಹಾಳಾದ ತಲೆಗೆ ಮೊದಲ ಮದ್ದು ತೊಳೆಯೋದೇ ತಾನೇ? ಹದಿನೈದು ವರ್ಷ ತೊಟ್ಟಿಯ ಮುಂದೆ ನಿಂತವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ ಅಂತ ನಾವು ಊಹಿಸ್ತೀವಿ.

ಜಾಹೀರಾತಿಗೆ ರೂಪದರ್ಶಿಯನ್ನು ಹುಡುಕಲಿಲ್ಲ. ತಮ್ಮದೇ ಫೋಟೋ ಹಾಕಿದರು, ಮುಲಾಮು ಹಚ್ಚುವ ಮೊದಲಿನದು ಮತ್ತು ನಂತರದ್ದು. ಡಬ್ಬಿಯ ಮೇಲೂ ಅವರದೇ ಮುಖ. ಬಿಳಿ ಹೆಂಗಸರ ಚಿತ್ರವೇ ಅಂದದ ಅಳತೆಗೋಲಾಗಿದ್ದ ಕಾಲದಲ್ಲಿ, ಅಗಲ ಮುಖದ ಒಬ್ಬ ಕಪ್ಪು ಹೆಂಗಸು ತನ್ನ ಮುಖವನ್ನೇ ಮುದ್ರೆ ಮಾಡಿಕೊಂಡದ್ದು ಸಣ್ಣ ಧೈರ್ಯವಲ್ಲ.

ಗಂಡ ಹೆಂಡತಿ 1906ರಲ್ಲೇ ಊರೂರು ಸುತ್ತಲು ಹೊರಟರು. ಡೆನ್ವರ್‌ನಲ್ಲಿ ಕಪ್ಪು ಜನರ ಸಂಖ್ಯೆ ಕಡಿಮೆ, ಮಾರುಕಟ್ಟೆ ದಕ್ಷಿಣದಲ್ಲಿತ್ತು. ಅಂಚೆಯಲ್ಲಿ ಬರುವ ಆರ್ಡರುಗಳನ್ನು ನೋಡಿಕೊಳ್ಳಲು ಡೆನ್ವರ್‌ನಲ್ಲಿ ಮಗಳು ಲೀಲಿಯಾ ನಿಂತಳು. ಹೋದ ಊರಲ್ಲಿ ಚರ್ಚು ಹುಡುಕೋದು, ಅಲ್ಲೊಂದು ಭಾಷಣ ಮಾಡೋದು, ತಲೆ ತೊಳೆದು ತೋರಿಸೋದು, ಆ ಊರಿನ ಒಬ್ಬಿಬ್ಬರು ಹೆಂಗಸರಿಗೆ ಕೆಲಸ ಕಲಿಸಿ ಏಜೆಂಟರನ್ನಾಗಿ ಮಾಡಿ ಮುಂದಿನ ರೈಲು ಹತ್ತೋದು. ರೈಲಿನಲ್ಲಿ ಕಪ್ಪು ಜನರಿಗೆ ಬೇರೆಯದೇ ಹೊಲಸು ಡಬ್ಬಿ, ಬಹಳ ಊರುಗಳಲ್ಲಿ ಹೋಟೆಲಿಗೆ ಪ್ರವೇಶವಿಲ್ಲ. ಗುರುತಿನವರ ಮನೆಯಲ್ಲೇ ತಂಗಬೇಕು. ಒಂದು ಲೆಕ್ಕಕ್ಕೆ ಅದು ಲಾಭವೇ ಆಯಿತು, ಮನೆಯವರೇ ಮೊದಲ ಗಿರಾಕಿ.

1908ರಲ್ಲಿ ಪಿಟ್ಸ್‌ಬರ್ಗ್‌ಗೆ ಬಂದು ಮಗಳ ಹೆಸರಲ್ಲಿ ಲೀಲಿಯಾ ಕಾಲೇಜು ತೆರೆದರು. ಕಾಲೇಜು ಅಂದ್ರೆ ನಮ್ಮ ಹಾಗೆ ನಾಲ್ಕು ವರ್ಷದ್ದಲ್ಲ, ಕೂದಲಿನ ಆರೈಕೆ ಕಲಿಸುವ ತರಬೇತಿ ಶಾಲೆ. ದೂರದವರಿಗೆ ಅಂಚೆಯ ಮೂಲಕ ಪಾಠ, ಶುಲ್ಕ 25 ಡಾಲರ್. ಕಲಿತವರಿಗೆ ಸರ್ಟಿಫಿಕೇಟ್. ಬಟ್ಟೆ ಒಗೆಯುವವಳಿಗೆ ಆ ದುಡ್ಡು ವಾರಗಟ್ಟಲೆಯ ದುಡಿಮೆ, ಯಾರೂ ಸುಲಭಕ್ಕೆ ಕೊಟ್ಟಿರಲಾರರು. ಕೊಟ್ಟವರಿಗೆ ಸಿಕ್ಕಿದ್ದೇನು? ತನ್ನ ಮನೆಯಲ್ಲೇ ಒಂದು ಕುರ್ಚಿ, ಒಂದು ಒಲೆ, ಒಂದು ಬಾಚಣಿಗೆ ಇಟ್ಟು ಶುರು ಮಾಡಬಹುದಾದ ಕಸುಬು. ಯಜಮಾನಿ ಇಲ್ಲ, ಹಿತ್ತಿಲ ಬಾಗಿಲಿನಿಂದ ಒಳಗೆ ಹೋಗುವ ಅವಮಾನ ಇಲ್ಲ. ಓದಿದ ಕಪ್ಪು ಹೆಂಗಸಿಗೆ ಟೀಚರ್ ಕೆಲಸ, ಓದದವಳಿಗೆ ಮನೆಗೆಲಸ, ಬಟ್ಟೆ, ಹತ್ತಿ ಹೊಲ ಅಂತಿದ್ದ ಕಡೆ ಇದೊಂದು ಮೂರನೇ ಬಾಗಿಲು ತೆರೆಯಿತು. ಏಜೆಂಟರು ಬಿಳಿ ರವಿಕೆ, ಉದ್ದನೆಯ ಕಪ್ಪು ಲಂಗ ತೊಟ್ಟು, ಕೈಯಲ್ಲಿ ಕಪ್ಪು ಚೀಲ ಹಿಡಿದು ಮನೆ ಮನೆಗೆ ಹೋಗುತ್ತಿದ್ದರು. ದೂರದಿಂದ ನೋಡಿದವರಿಗೆ ಡಾಕ್ಟರೋ ನರ್ಸೋ ಬಂದ ಹಾಗೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಕಾರ್ಖಾನೆ ಎಲ್ಲಿ ಹಾಕೋದು ಅನ್ನೋ ಪ್ರಶ್ನೆಗೆ 1910ರಲ್ಲಿ ಉತ್ತರ ಸಿಕ್ತು: ಇಂಡಿಯಾನಾಪೊಲಿಸ್. ನಕ್ಷೆ ನೋಡಿ, ಅಮೆರಿಕದ ರೈಲು ಹಾದಿಗಳು ಆ ಊರಿನಲ್ಲಿ ನಾಲ್ಕೂ ದಿಕ್ಕಿನಿಂದ ಬಂದು ಸೇರುತ್ತವೆ. ಅಂಚೆ ಮತ್ತು ರೈಲಿನ ಮೇಲೆ ನಿಂತ ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೇ ಜಾಗ ಬೇಕೇ? ಕಪ್ಪು ಜನರ ದೊಡ್ಡ ಪತ್ರಿಕೆಗಳೂ ಅಲ್ಲೇ ಇದ್ದವು. ಅದರಲ್ಲೊಂದು ಫ್ರೀಮನ್, ಅದರ ಒಡೆಯ ಜಾರ್ಜ್ ನಾಕ್ಸ್ ಗುಲಾಮನಾಗಿ ಹುಟ್ಟಿ, ಕ್ಷೌರದಂಗಡಿಯಿಂದ ಮೇಲೆ ಬಂದ ಮನುಷ್ಯ. ಅಲ್ಲಿ ಮೇಡಂ ಮನೆ ಕೊಂಡರು, ಕಾರ್ಖಾನೆ, ಸಲೂನು, ತರಬೇತಿ ಶಾಲೆ ಒಂದೊಂದಾಗಿ ಎದ್ದವು. 1911ರಲ್ಲಿ ಕಂಪನಿ ಕಾಯಿದೆ ಪ್ರಕಾರ ನೋಂದಣಿಯಾಯಿತು. ಫ್ರೀಮನ್ ರ‍್ಯಾನ್ಸಮ್ ಎಂಬ ಯುವ ವಕೀಲರನ್ನು ವ್ಯವಹಾರ ನೋಡಿಕೊಳ್ಳಲು ಇಟ್ಟುಕೊಂಡರು. ಕಾರ್ಖಾನೆಯ ಮೇಲ್ವಿಚಾರಣೆಗೆ ಆಲಿಸ್ ಕೆಲಿ ಎಂಬ ಹಿಂದಿನ ಶಾಲಾ ಶಿಕ್ಷಕಿ ಬಂದರು. ಈಕೆ ಮೇಡಂಗೆ ಗುಟ್ಟಾಗಿ ಇನ್ನೊಂದು ಕೆಲಸವನ್ನೂ ಮಾಡಿಕೊಟ್ಟರು. ಮೂರು ತಿಂಗಳ ಶಾಲೆಯವರಿಗೆ ಅಕ್ಷರ, ಕಾಗದ ಬರೆಯುವ ರೀತಿ, ಸಭೆಯಲ್ಲಿ ಮಾತಾಡುವ ಭಾಷೆ ಕಲಿಸಿದರು. ನಲವತ್ತು ದಾಟಿದ ಮಾಲೀಕರು ತಮ್ಮದೇ ಕಾರ್ಖಾನೆಯ ನೌಕರರ ಹತ್ತಿರ ಪಾಠ ಹೇಳಿಸಿಕೊಂಡರು ಅನ್ನೋದು ಇಡೀ ಕಥೆಯಲ್ಲಿ ನಮಗೆ ಬಹಳ ಇಷ್ಟವಾದ ಸಂಗತಿ. ಗಂಡನ ಜೊತೆ ಮಾತ್ರ ಹೊಂದಲಿಲ್ಲ. ವ್ಯಾಪಾರ ಎಷ್ಟು ದೊಡ್ಡದಾಗಬೇಕು ಅನ್ನೋದರಲ್ಲೇ ಇಬ್ಬರ ನಡುವೆ ಒಡಕು ಬಂತು. 1912ರಲ್ಲಿ ಬೇರೆಯಾದರು. ಹೆಸರು ಮಾತ್ರ ಉಳಿಯಿತು, ಅದು ಆಗಲೇ ಡಬ್ಬಿಯ ಮೇಲಿತ್ತಲ್ಲ.

ಅದೇ ವರ್ಷ ಶಿಕಾಗೋದಲ್ಲಿ ಕಪ್ಪು ವ್ಯಾಪಾರಿಗಳ ರಾಷ್ಟ್ರೀಯ ಸಂಘದ ಸಮ್ಮೇಳನ. ಅಧ್ಯಕ್ಷರು ಬೂಕರ್ ಟಿ. ವಾಷಿಂಗ್ಟನ್, ಆ ಕಾಲದ ಕಪ್ಪು ಸಮುದಾಯದ ಅತಿ ದೊಡ್ಡ ನಾಯಕ. ಅವರಿಗೆ ಕೂದಲಿನ ವ್ಯಾಪಾರದ ಬಗ್ಗೆ ಸದಭಿಪ್ರಾಯ ಇರಲಿಲ್ಲ. ಗುಂಗುರು ಕೂದಲನ್ನು ನೇರ ಮಾಡೋದು ಬಿಳಿಯರನ್ನು ಅಣಕಿಸಿದಂತೆ ಅನ್ನುವುದು ಅವರ ನಿಲುವು. ಜಾರ್ಜ್ ನಾಕ್ಸ್ ಎದ್ದು, ಮೇಡಂ ವಾಕರ್ ಅವರಿಗೆ ಮಾತಾಡಲು ಅವಕಾಶ ಕೊಡಿ ಅಂತ ಕೇಳಿದರೂ ವಾಷಿಂಗ್ಟನ್ ಕೇಳಿಸದವರಂತೆ ಮುಂದಿನವರನ್ನು ಕರೆದರು. ಕೊನೆಯ ದಿನ ಮೇಡಂ ಕಾಯಲಿಲ್ಲ. ಸಭೆಯ ನಡುವೆ ತಾವೇ ಎದ್ದು ನಿಂತರು. ತಮ್ಮ ಕೆಲಸ ಯಾವುದಕ್ಕೂ ಕಡಿಮೆಯಲ್ಲ ಅಂತ ಶುರು ಮಾಡಿ, ಹತ್ತಿ ಹೊಲದಿಂದ ಒಗೆಯುವ ತೊಟ್ಟಿಗೆ, ಅಲ್ಲಿಂದ ಅಡುಗೆಮನೆಗೆ ಬಡ್ತಿ ಪಡೆದು, ಅಡುಗೆಮನೆಯಿಂದ ಕಾರ್ಖಾನೆಗೆ ತಮಗೆ ತಾವೇ ಬಡ್ತಿ ಕೊಟ್ಟುಕೊಂಡ ಕಥೆ ಹೇಳಿದರು. ಕಾರ್ಖಾನೆ ಸ್ವಂತ ನೆಲದಲ್ಲಿದೆ ಅನ್ನೋದನ್ನೂ ಸೇರಿಸಿದರು. ವಾಷಿಂಗ್ಟನ್ ಆಗ ಏನೂ ಹೇಳಲಿಲ್ಲ. ಮರುವರ್ಷ, 1913ರಲ್ಲಿ, ಮುಖ್ಯ ಭಾಷಣಕಾರರ ಪಟ್ಟಿಯಲ್ಲಿ ಮೇಡಂ ಹೆಸರು ಇತ್ತು.

ವಾಷಿಂಗ್ಟನ್ ಅವರ ಆಕ್ಷೇಪವನ್ನು ನಾವೂ ಸುಮ್ಮನೆ ದಾಟಿ ಹೋಗಬಾರದು. ಕಾಯಿಸಿದ ಬಾಚಣಿಗೆಯನ್ನು ಕಂಡುಹಿಡಿದದ್ದು ಮೇಡಂ ವಾಕರ್ ಅಂತ ಇಂಟರ್ನೆಟ್ಟಿನಲ್ಲಿ ಹತ್ತು ಕಡೆ ಇದೆ. ಅದು ತಪ್ಪು. ಅವರಿಗಿಂತ ಮೊದಲೇ ಯುರೋಪಿನಲ್ಲಿ ಕಾಯಿಸಿದ ಕಬ್ಬಿಣದಿಂದ ಕೂದಲು ತಿದ್ದುವ ಪದ್ಧತಿ ಬೆಳೆದಿತ್ತು. ಅವರು ಮಾಡಿದ್ದು ಆ ಬಾಚಣಿಗೆಯನ್ನು ತಮ್ಮ ಕ್ರಮದಲ್ಲಿ ಸೇರಿಸಿ ಸಾವಿರಾರು ಮನೆಗೆ ಒಯ್ದದ್ದು. ತಾವು ಕೂದಲು ನೇರ ಮಾಡುವವರು ಅಂತ ಯಾರಾದರೂ ಕರೆದರೆ ಅವರಿಗೆ ಸಿಟ್ಟು ಬರುತ್ತಿತ್ತು, ನೆತ್ತಿಯ ಆರೋಗ್ಯವೇ ತಮ್ಮ ಕಸುಬು ಅನ್ನುತ್ತಿದ್ದರು. ಪೂರ್ತಿ ಒಪ್ಪಲು ನಮಗೆ ಆಗೋದಿಲ್ಲ. ಬಾಚಣಿಗೆ ಕಾಯಿಸುವುದು ನೆತ್ತಿಯ ಆರೋಗ್ಯಕ್ಕಲ್ಲ ಅನ್ನೋದು ಯಾರಿಗಾದ್ರೂ ಗೊತ್ತು. ಒಂದಂತೂ ನಿಜ, ಬೋಳಾದ ನೆತ್ತಿಯ ಹೆಂಗಸಿಗೆ ಸಭೆಯಲ್ಲಿ ಕೂತ ಗಂಡಸರ ಸಿದ್ಧಾಂತಕ್ಕಿಂತ ಮೊದಲು ಬೇಕಾದದ್ದು ತಲೆಯ ಮೇಲಿನ ಬಟ್ಟೆ ತೆಗೆದು ಓಡಾಡುವ ಧೈರ್ಯ.

ಲೀಲಿಯಾ 1912ರಲ್ಲಿ ಇಂಡಿಯಾನಾಪೊಲಿಸ್‌ನ ಮೇ ಬ್ರಯಂಟ್ ಎಂಬ ಹುಡುಗಿಯನ್ನು ದತ್ತು ತೆಗೆದುಕೊಂಡಳು. ಉದ್ದನೆಯ ಜಡೆಯ ಹುಡುಗಿ, ಪ್ರಾತ್ಯಕ್ಷಿಕೆಗಳಲ್ಲಿ ಅವಳ ಕೂದಲನ್ನು ತೋರಿಸುತ್ತಿದ್ದರು. ಓದಿಸುವ ಮಾತು ಕೊಟ್ಟು ಕರೆತಂದದ್ದು, ಓದಿಸಿದರು ಕೂಡ. ಆದ್ರೂ ಮಗುವಿನ ಜಡೆ ಜಾಹೀರಾತಾದ ಬಗ್ಗೆ ನಮಗೆ ಸ್ವಲ್ಪ ಇರುಸುಮುರುಸು ಆಗುತ್ತೆ.

1913ರಿಂದ ಮೇಡಂ ಅವರ ತಿರುಗಾಟ ಜಮೈಕಾ, ಕ್ಯೂಬಾ, ಹೈಟಿ, ಕೋಸ್ಟಾರಿಕಾ, ಪನಾಮಾಗಳಿಗೂ ಹಬ್ಬಿತು. 1916ರಲ್ಲಿ ಅವರು ಮಗಳಿದ್ದ ನ್ಯೂಯಾರ್ಕಿನ ಹಾರ್ಲೆಮ್‌ಗೆ ಬಂದು ನೆಲೆಸಿದರು, ಕಾರ್ಖಾನೆ ಇಂಡಿಯಾನಾಪೊಲಿಸ್‌ನಲ್ಲೇ ಉಳಿಯಿತು. 1917ರಲ್ಲಿ ಫಿಲಡೆಲ್ಫಿಯಾದಲ್ಲಿ ತಮ್ಮ ಏಜೆಂಟರ ಮೊದಲ ಸಮ್ಮೇಳನ ಕರೆದರು. ಇನ್ನೂರಕ್ಕೂ ಹೆಚ್ಚು ಹೆಂಗಸರು ಬಂದರು. ಅಮೆರಿಕದ ಹೆಂಗಸರಿಗೆಲ್ಲ ಮತದಾನದ ಹಕ್ಕು ಸಿಗುವ ಮೊದಲೇ, ಸ್ವಂತ ದುಡಿಮೆಯ ಕಪ್ಪು ಹೆಂಗಸರು ಒಂದೆಡೆ ಸೇರಿ ವ್ಯಾಪಾರದ ಲೆಕ್ಕ ಮಾತಾಡಿದರು. ಹೆಚ್ಚು ಮಾರಿದವರಿಗೆ, ಹೆಚ್ಚು ಜನರನ್ನು ಕಸುಬಿಗೆ ತಂದವರಿಗೆ ಬಹುಮಾನವಿತ್ತು. ತಮ್ಮ ಊರಿನ ಧರ್ಮಕಾರ್ಯಕ್ಕೆ ಹೆಚ್ಚು ಕೊಟ್ಟವರಿಗೂ ಬಹುಮಾನವಿತ್ತು. ಅದೇ ಬೇಸಿಗೆಯಲ್ಲಿ ಈಸ್ಟ್ ಸೇಂಟ್ ಲೂಯಿಯಲ್ಲಿ ಬಿಳಿಯರ ಗುಂಪುಗಳು ಕಪ್ಪು ಜನರ ಮನೆಗಳಿಗೆ ಬೆಂಕಿಯಿಟ್ಟು ಕೊಂದಿದ್ದವು. ಮೇಡಂ ಹಾರ್ಲೆಮ್‌ನ ಮುಖಂಡರ ಜೊತೆ ಅಧ್ಯಕ್ಷ ವಿಲ್ಸನ್ ಅವರನ್ನು ಕಾಣಲು ವಾಷಿಂಗ್ಟನ್‌ಗೆ ಹೋದರು. ಅಧ್ಯಕ್ಷರಿಗೆ ಪುರುಸೊತ್ತು ಇರಲಿಲ್ಲ. ಬಾಚಣಿಗೆ ಹಿಡಿದವರ ಸಮ್ಮೇಳನವೂ, ಗುಂಪು ಸೇರಿ ಕೊಲ್ಲುವುದನ್ನು ತಡೆಯಿರಿ ಅಂತ ಅದೇ ಅಧ್ಯಕ್ಷರಿಗೆ ತಂತಿ ಕಳಿಸಿತು.

ಹಡ್ಸನ್ ನದಿಯ ದಡದ ಇರ್ವಿಂಗ್ಟನ್‌ನಲ್ಲಿ, ರಾಕ್‌ಫೆಲರ್ ಮನೆತನದ ಎಸ್ಟೇಟಿನಿಂದ ಹೆಚ್ಚು ದೂರವಿಲ್ಲದ ಕಡೆ, 1918ರಲ್ಲಿ ವಿಲ್ಲಾ ಲೆವಾರೋ ಎಂಬ ಬಂಗಲೆ ಕಟ್ಟಿಸಿದರು. ವಾಸ್ತುಶಿಲ್ಪಿ ವರ್ಟ್ನರ್ ಟ್ಯಾಂಡಿ ಕೂಡ ಕಪ್ಪು ಜನಾಂಗದವರೇ. ಅದರಲ್ಲಿ ಮೇಡಂ ಬಹಳ ದಿನ ಬದುಕಲಿಲ್ಲ. ರಕ್ತದೊತ್ತಡ, ಮೂತ್ರಪಿಂಡದ ಕಾಯಿಲೆ. ವಿಶ್ರಾಂತಿ ತಗೊಳ್ಳಿ ಅಂತ ವೈದ್ಯರು ಹೇಳುತ್ತಲೇ ಇದ್ದರು, ಇವರು ರೈಲು ಹತ್ತುತ್ತಲೇ ಇದ್ದರು. 1919ರ ವಸಂತದಲ್ಲಿ ಹೊಸ ಸರಕು ಪರಿಚಯಿಸಲು ಹೋಗಿ ಕುಸಿದದ್ದು ಸೇಂಟ್ ಲೂಯಿಯಲ್ಲೇ, ತಾವು ಬಟ್ಟೆ ಒಗೆದ ಊರಿನಲ್ಲಿ. ಮನೆಗೆ ಕರೆತಂದರು. ಹಾಸಿಗೆಯಲ್ಲಿದ್ದಾಗಲೇ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಸಂಘದ, ಗುಂಪು ಹತ್ಯೆ ವಿರೋಧಿ ನಿಧಿಗೆ 5,000 ಡಾಲರ್ ಘೋಷಿಸಿದರು. ಮೇ 25ರಂದು ತೀರಿಕೊಂಡರು. ವಯಸ್ಸು 51. ಸ್ವಂತ ದುಡಿಮೆಯಿಂದ ಅಮೆರಿಕದ ಮೊದಲ ಮಹಿಳಾ ಮಿಲಿಯನೇರ್ ಅಂತ ದಾಖಲೆ ಪುಸ್ತಕದಲ್ಲಿ ಅವರ ಹೆಸರಿದೆ. ಆಸ್ತಿಯ ಲೆಕ್ಕ ತೆಗೆದಾಗ ಅದು ಮಿಲಿಯನ್ ಮುಟ್ಟಿರಲಿಲ್ಲ ಅನ್ನೋದನ್ನೂ ಹೇಳಿಬಿಡ್ತೀವಿ. ಕಂಪನಿಯ ಮುಂದಿನ ನಿವ್ವಳ ಲಾಭದ ಮೂರನೇ ಎರಡು ಪಾಲು ದಾನಕ್ಕೆ ಅಂತ ಉಯಿಲು ಬರೆದಿದ್ದರು.

ಆ್ಯನಿ ಮಲೋನ್ 1918ರಲ್ಲಿ ಸೇಂಟ್ ಲೂಯಿಯಲ್ಲಿ ಪೋರೋ ಕಾಲೇಜು ಎಂಬ ದೊಡ್ಡ ಕಟ್ಟಡ ಕಟ್ಟಿ, ಅವರೂ ಸಾವಿರಾರು ಹೆಂಗಸರಿಗೆ ಇದೇ ಕಸುಬು ಕಲಿಸಿದರು. ವಿಚ್ಛೇದನ, ತೆರಿಗೆ ವ್ಯಾಜ್ಯಗಳಲ್ಲಿ ಆಸ್ತಿ ಕರಗಿತು. 1957ರಲ್ಲಿ ಶಿಕಾಗೋದಲ್ಲಿ ತೀರಿಕೊಂಡರು. ಅವರ ಮೇಲೂ ಒಂದು ಲೇಖನ ಬರಬೇಕು, ಬರೆಯುವವರಿದ್ದರೆ ಬಳಗಕ್ಕೆ ತಿಳಿಸಿ.

ಒಂದು ಸಂಗತಿ ಉಳಿದಿದೆ. ಇಂಡಿಯಾನಾಪೊಲಿಸ್‌ನಲ್ಲಿದ್ದಾಗ ಮೇಡಂ ಒಮ್ಮೆ ಐಸಿಸ್ ಎಂಬ ಚಿತ್ರಮಂದಿರಕ್ಕೆ ಹೋಗಿದ್ದರು. ಟಿಕೆಟ್ ಹತ್ತು ಸೆಂಟ್. ಕಿಟಕಿಯಲ್ಲಿದ್ದವರು ಕಪ್ಪು ಜನರಿಗೆ ಇಪ್ಪತ್ತೈದು ಅಂದರು. ಮನೆಗೆ ಬಂದು ವಕೀಲ ರ‍್ಯಾನ್ಸಮ್ ಅವರಿಗೆ ದಾವೆ ಹೂಡಲು ಹೇಳಿದ ಮೇಡಂ, ತಮ್ಮದೇ ಚಿತ್ರಮಂದಿರವಿರುವ ಕಟ್ಟಡದ ಯೋಚನೆಯನ್ನೂ ಶುರು ಮಾಡಿದರು. ಅವರು ಸತ್ತು ಎಂಟು ವರ್ಷದ ಮೇಲೆ, 1927ರ ಡಿಸೆಂಬರ್‌ನಲ್ಲಿ ಇಂಡಿಯಾನಾ ಅವೆನ್ಯೂದಲ್ಲಿ ಆ ಕಟ್ಟಡ ಬಾಗಿಲು ತೆರೆಯಿತು. ಒಳಗೆ ಮುಲಾಮಿನ ಕಾರ್ಖಾನೆ, ಬ್ಯೂಟಿ ಪಾರ್ಲರ್, ತರಬೇತಿ ಶಾಲೆ, ಜೊತೆಗೊಂದು ಚಿತ್ರಮಂದಿರ. ಕಟ್ಟಡ ಈಗಲೂ ಇದೆ, ಮೇಡಂ ವಾಕರ್ ಹೆಸರಲ್ಲೇ ನಡೀತಿದೆ.